ಲೆಕ್ಕದಿಂದ ಹೊರಗಿಟ್ಟ ದಿನ

ಹದಿನಾರು ವರ್ಷಗಳ ಹಿಂದಿನ ಒಂದು ಶನಿವಾರ ನನ್ನ ಮನಸ್ಸಿನಿಂದ ಇನ್ನೂ ಕದಲಿಲ್ಲ. ಆಗ ನಾನು ಬೆಂಗಳೂರಿನ ಮೈಸೂರು ರಸ್ತೆಯ ಕಡೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ವಿಭಾಗಕ್ಕೆ ಹೊಸದಾಗಿ ಸೇರಿದ್ದೆ. ಕೊರಳಲ್ಲಿ ಸ್ಟಾಪ್‌ವಾಚ್, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಹಾಳೆ. ಒಂದು ಕಾಲರ್ ಕೂರಿಸಲು ಟೇಲರ್‌ಗೆ ಎಷ್ಟು ಸೆಕೆಂಡು ಬೇಕು, ಬಂಡಲ್ ಬಿಚ್ಚಲು ಎಷ್ಟು, ದಾರ ತುಂಡಾದರೆ ಮತ್ತೆ ಪೋಣಿಸಲು ಎಷ್ಟು ಎಂದು ಅಳೆದು, ಅದರಿಂದ ಗಂಟೆಯ ಟಾರ್ಗೆಟ್ ಕಟ್ಟುವುದು ನನ್ನ ಕೆಲಸ. ನನಗೆ ಒಪ್ಪಿಸಿದ್ದ ಲೈನಿನಲ್ಲಿ 42 ಮೆಷೀನುಗಳಿದ್ದವು. ಗಂಡಸರ ಅಂಗಿ ಅಲ್ಲಿ ತಯಾರಾಗುತ್ತಿತ್ತು. ಕಾಲರ್, ಕಫ್, ಮುಂಭಾಗ, ಬೆನ್ನು ಎಲ್ಲವೂ ಬೇರೆ ಬೇರೆ ಕೈಗಳಲ್ಲಿ ಸಿದ್ಧವಾಗಿ ಕೊನೆಗೆ ಒಂದೆಡೆ ಕೂಡಿಕೊಳ್ಳುತ್ತಿದ್ದವು. ಒಬ್ಬೊಬ್ಬರಿಗೂ ಒಂದೊಂದೇ ಕೆಲಸ. ನನ್ನ ಹಾಳೆಯಲ್ಲಿ ಅವರ ಹೆಸರು ಇರಬೇಕಾದ ಜಾಗದಲ್ಲಿಯೂ ಆ ಕೆಲಸವೇ ಇರುತ್ತಿತ್ತು: ಕಾಲರ್ ಅಟ್ಯಾಚ್, ಸ್ಲೀವ್ ಅಟ್ಯಾಚ್, ಸೈಡ್ ಸೀಮ್, ಬಾಟಮ್ ಹೆಮ್. ಹೆಚ್ಚಿನವರು ರಾಮನಗರ, ಚನ್ನಪಟ್ಟಣ, ಮದ್ದೂರಿನ ಕಡೆಯಿಂದ ಬೆಳಗಿನ ರೈಲು ಹಿಡಿದು ಬರುವ ಹೆಂಗಸರು.

ಆ ಶನಿವಾರ ಲೈನಿನ ಸೂಪರ್‌ವೈಸರ್ ಬರಲಿಲ್ಲ. ಬದಲಿಗೆ ಕಳಿಸಲು ಯಾರೂ ಇರಲಿಲ್ಲ. ಫ್ಲೋರಿನ ಮೇಲ್ವಿಚಾರಕರು ಒಮ್ಮೆ ಬಂದು, ಹೇಗೋ ನಡೆಸಿಕೊಂಡು ಹೋಗಿ ಎಂದು ಹೇಳಿ ಹೊರಟುಹೋದರು. ಮೊದಲ ಗಂಟೆಯ ಕೊನೆಗೆ ಬೋರ್ಡಿನ ಮೇಲೆ 31 ಪೀಸ್ ಎಂದು ಬಿತ್ತು. ದಿನವೂ 55ರ ಆಸುಪಾಸಿನಲ್ಲಿರುತ್ತಿದ್ದ ಲೈನು ಅದು. ಕಾಲರ್ ಕೂರಿಸುವವರ ಮುಂದೆ ಬಂಡಲ್‌ಗಳ ಗುಡ್ಡೆ ಬಿದ್ದಿತ್ತು. ಅವರಿಂದ ಮುಂದಿನವರು ಕೈ ಕಟ್ಟಿ ಕುಳಿತಿದ್ದರು. ಎರಡನೆಯ ಗಂಟೆ ಅರ್ಧ ಕಳೆಯುವ ಹೊತ್ತಿಗೆ, ತೋಳು ಕೂರಿಸುವ ನಡುವಯಸ್ಸಿನ ಹೆಂಗಸೊಬ್ಬರು ತಮ್ಮ ಜಾಗದಿಂದ ಎದ್ದು ಬಂದು ಪಕ್ಕದ ಖಾಲಿ ಮೆಷೀನಿನಲ್ಲಿ ಕೂತು ಕಾಲರ್ ಹಿಡಿದರು. ಅವರ ಮೆಷೀನಿಗೆ ಯಾರು ಎಂದು ನಾನು ಯೋಚಿಸುತ್ತಿರುವಾಗಲೇ, ದಾರ ಕತ್ತರಿಸುವ ಹೆಲ್ಪರ್ ಹುಡುಗಿ ಕತ್ತರಿಯನ್ನು ಕೊರಳಿಗೆ ನೇತುಹಾಕಿಕೊಂಡು ಅಲ್ಲಿ ಹೋಗಿ ಕೂತಳು. ಅವಳ ಕೈ ಪಳಗಿದ ಕೈ ಎನ್ನುವುದು ಎರಡು ತೋಳು ಕೂರಿಸುವಷ್ಟರಲ್ಲಿಯೇ ಗೊತ್ತಾಯಿತು. ಬಾಟಮ್ ಹೆಮ್ಮಿನವರು ತಮಗೆ ಕೆಲಸ ಬರುವವರೆಗೆ ಹಿಂದೆ ಹೋಗಿ ಬಂಡಲ್ ಬಿಚ್ಚಿ ಜೋಡಿಸಿಕೊಟ್ಟರು. ಎರಡನೆಯ ಗಂಟೆ 44, ಮೂರನೆಯದು 58, ಆಮೇಲೆ 61, ಊಟದ ನಂತರ 63.

ನಾನು ಆ ಹೆಂಗಸಿನ ಬಳಿ ಹೋಗಿ, "ಹಿಂಗೆ ಜಾಗ ಬದಲಾಯಿಸೋಕೆ ಯಾರು ಹೇಳಿದ್ದು ಅಕ್ಕಾ?" ಎಂದು ಕೇಳಿದೆ. ಅವರು ಸೂಜಿಯಿಂದ ಕಣ್ಣೆತ್ತದೆ, "ಯಾರ್ ಯೋಳ್ಬೇಕು ಸಾ? ಮುಯ್ಯಾಳಲ್ಲಿ ನಾಟಿ ಹಾಕ್ವಾಗ ಒಬ್ಳ್ ಸಾಲು ಹಿಂದೆ ಬಿದ್ರೆ ಪಕ್ಕದೋಳು ಕೈ ಹಾಕಲ್ವಾ?" ಎಂದರು. ಅಷ್ಟೇ. ಸೋಮವಾರ ಸೂಪರ್‌ವೈಸರ್ ಬಂದರು. ಎಲ್ಲರೂ ಮತ್ತೆ ತಮ್ಮ ತಮ್ಮ ಮೆಷೀನಿಗೆ ಹೋದರು, ಹುಡುಗಿ ಮತ್ತೆ ದಾರ ಕತ್ತರಿಸಲು ನಿಂತಳು. ಬೋರ್ಡಿನ ಮೇಲೆ 54, 55, 53 ಎಂದು ಮೊದಲಿನಂತೆಯೇ ಬೀಳತೊಡಗಿತು. ನಾನು ಕಂಡದ್ದು ಏನೆಂದು ಆಗ ನನಗೆ ತಿಳಿಯಲಿಲ್ಲ. ಅಂಥದೇ ಒಂದು ದೃಶ್ಯವನ್ನು ನೆಲದಡಿಯ ಕತ್ತಲಲ್ಲಿ ಕಂಡು, ಅದನ್ನು ಅರ್ಥ ಮಾಡಿಕೊಳ್ಳುವುದಕ್ಕೆ ತಮ್ಮ ಮುಂದಿನ ನಾಲ್ಕು ದಶಕಗಳನ್ನು ಕೊಟ್ಟ, ಎರಿಕ್ ಟ್ರಿಸ್ಟ್ ಎಂಬ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞರ ಬರಹ ಕೈಗೆ ಸಿಕ್ಕಿದ್ದು ನಾನು ಆ ಕೆಲಸ ಬಿಟ್ಟು ಎಷ್ಟೋ ಕಾಲವಾದ ಮೇಲೆ.

ಡಂಡಿಯ ಸೆಣಬು, ಎಡಿನ್‌ಬರೋದ ಹಗ್ಗ

ಟ್ರಿಸ್ಟ್ ಹುಟ್ಟಿದ್ದು 1909ರಲ್ಲಿ, ಇಂಗ್ಲೆಂಡಿನ ಡೋವರ್ ಬಂದರಿನಲ್ಲಿ. ತಂದೆ ಹಡಗಿನ ಕಪ್ತಾನ. ಕೇಂಬ್ರಿಜ್‌ನಲ್ಲಿ ಅವರು ಮೊದಲು ಓದಿದ್ದು ಇಂಗ್ಲಿಷ್ ಸಾಹಿತ್ಯ, ಅದೂ ವಿಮರ್ಶಕ ಐ. ಎ. ರಿಚರ್ಡ್ಸ್ ಅವರ ಬಳಿ. ಆಮೇಲೆ ಮನಶ್ಶಾಸ್ತ್ರಕ್ಕೆ ಹೊರಳಿ ಫ್ರೆಡರಿಕ್ ಬಾರ್ಟ್‌ಲೆಟ್ ಅವರ ಶಿಷ್ಯರಾದರು. ಕವಿತೆಯನ್ನು ಸಾಲು ಸಾಲಾಗಿ ಓದಲು ಕಲಿತವರೊಬ್ಬರು ಕಲ್ಲಿದ್ದಲ ಗಣಿಯನ್ನು ಓದಲು ಹೋದರು ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಅವರ ಗಣಿಯ ಬರಹದಲ್ಲಿ ಆ ಓದಿನ ತಾಳ್ಮೆ ಎದ್ದು ಕಾಣುತ್ತದೆ. 1933ರಲ್ಲಿ ಜರ್ಮನಿ ಬಿಟ್ಟು ಹೊರಟಿದ್ದ ಯಹೂದಿ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಕೇಂಬ್ರಿಜ್ ಮೂಲಕ ಹಾದುಹೋದಾಗ ಟ್ರಿಸ್ಟ್ ಅವರನ್ನು ಕಂಡರು. ಮನುಷ್ಯನ ನಡವಳಿಕೆಯನ್ನು ಅವನು ನಿಂತಿರುವ ಇಡೀ ಸನ್ನಿವೇಶದ ಜೊತೆಗೇ ಇಟ್ಟು ನೋಡಬೇಕು ಎಂಬ ಲೆವಿನ್ ಅವರ ಮಾತು ಟ್ರಿಸ್ಟ್ ಅವರಲ್ಲಿ ಆಗ ಬೇರೂರಿತು. ಮುಂದೆ ಎರಡು ವರ್ಷ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದ್ದು, ಮಹಾ ಆರ್ಥಿಕ ಕುಸಿತದ ದಿನಗಳ ಆ ದೇಶವನ್ನು ಕಣ್ಣಾರೆ ಕಂಡು ಹಿಂದಿರುಗಿದರು.

ಹಿಂದಿರುಗಿ ಅವರು ಕೆಲಸ ಮಾಡಿದ್ದು ಸ್ಕಾಟ್ಲೆಂಡಿನ ಡಂಡಿ ಊರಿನ ನಿರುದ್ಯೋಗಿಗಳ ನಡುವೆ. ಡಂಡಿಯದು ಸೆಣಬಿನ ಬದುಕು. ಬಂಗಾಳದ ಸೆಣಬು ಹಡಗಿನಲ್ಲಿ ಬಂದು ಅಲ್ಲಿ ಚೀಲವಾಗುತ್ತಿತ್ತು. ಆಮೇಲೆ ಕಲ್ಕತ್ತದ ಹೂಗ್ಲಿ ದಂಡೆಯಲ್ಲಿಯೇ ಗಿರಣಿಗಳು ಎದ್ದು ನಿಂತಾಗ ಡಂಡಿಯ ಗಿರಣಿಗಳು ಒಂದೊಂದಾಗಿ ಸೊರಗಿದವು. ಅಲ್ಲಿ ಗಿರಣಿಯಲ್ಲಿ ದುಡಿಯುವವರಲ್ಲಿ ಹೆಂಗಸರೇ ಹೆಚ್ಚು. ಮನೆಯಲ್ಲಿ ಉಳಿಯುವ ಗಂಡಸರಿಗೆ ಊರಿನವರು ಟೀ ನೀರು ಕಾಯಿಸುವವರು ಎಂದು ಹೆಸರಿಟ್ಟಿದ್ದರು. ಸಂಬಳ ನಿಂತಾಗ ಮನೆಯೊಳಗೆ ಏನೇನು ಮುರಿಯುತ್ತದೆ ಎಂಬುದನ್ನು ಟ್ರಿಸ್ಟ್ ಅಲ್ಲಿ ಹತ್ತಿರದಿಂದ ನೋಡಿದರು. ಕೆಲಸ ಎಂದರೆ ಕೂಲಿಯಷ್ಟೇ ಎಂದು ಅವರು ಮುಂದೆ ಎಲ್ಲಿಯೂ ಬರೆಯದಿರುವುದಕ್ಕೆ ಡಂಡಿಯೇ ಕಾರಣ ಎಂದು ನನಗನ್ನಿಸುತ್ತದೆ.

ಎರಡನೆಯ ಮಹಾಯುದ್ಧ ಬಂತು. ಸೇನಾಧಿಕಾರಿಗಳನ್ನು ಮನೆತನ, ಶಾಲೆ ನೋಡಿ ಆರಿಸುವ ಹಳೆಯ ಪದ್ಧತಿ ಸಾಲದೆ, 1942ರಲ್ಲಿ ಎಡಿನ್‌ಬರೋದಲ್ಲಿ ಹೊಸದೊಂದು ಆಯ್ಕೆ ಮಂಡಳಿ ಆರಂಭವಾಯಿತು. ಮನೋವೈದ್ಯ ವಿಲ್ಫ್ರೆಡ್ ಬಿಯಾನ್ ಅಲ್ಲಿ ನಾಯಕನಿಲ್ಲದ ಗುಂಪು ಎಂಬ ಪರೀಕ್ಷೆಯನ್ನು ರೂಪಿಸಿದರು. ಟ್ರಿಸ್ಟ್ ಅಲ್ಲಿ ಅವರ ಜೊತೆಗಿದ್ದ ಮನಶ್ಶಾಸ್ತ್ರಜ್ಞರಲ್ಲಿ ಒಬ್ಬರು. ಬೆರಳೆಣಿಕೆಯ ಅಭ್ಯರ್ಥಿಗಳಿಗೆ ಒಂದು ಕೆಲಸ ಕೊಡುವುದು, ಇವನೇ ಮುಂದಾಳು ಎಂದು ಯಾರನ್ನೂ ಹೆಸರಿಸದಿರುವುದು, ಆಮೇಲೆ ಸುಮ್ಮನೆ ನಿಂತು ನೋಡುವುದು. ಯುದ್ಧದ ನಡುವೆಯೇ ಈ ಪದ್ಧತಿ ಭಾರತದ ಸೇನೆಗೂ ಬಂತು. ಬೆಂಗಳೂರಿನ ಎಸ್‌ಎಸ್‌ಬಿ ಆಯ್ಕೆ ಕೇಂದ್ರಕ್ಕೆ ಹೋಗಿ ಬಂದ ಗೆಳೆಯರು, ಎದೆಗೆ ನಂಬರು ಕಟ್ಟಿಕೊಂಡು ಹಲಗೆ, ಹಗ್ಗ, ಮರದ ದಿಮ್ಮಿ ಹಿಡಿದು ಬಣ್ಣ ಬಳಿದ ನೆಲ ಮುಟ್ಟದೆ ದಾಟಬೇಕಾದ ಕಸರತ್ತನ್ನು ಕತೆಯಂತೆ ಹೇಳುವುದನ್ನು ನಮ್ಮಲ್ಲಿ ಹಲವರು ಕೇಳಿರುತ್ತೇವೆ. ಆ ಮೈದಾನದ ಬೇರು ಎಡಿನ್‌ಬರೋದಲ್ಲಿದೆ. ಯುದ್ಧ ಮುಗಿಯುವ ಹೊತ್ತಿಗೆ ಟ್ರಿಸ್ಟ್ ಇನ್ನೊಂದು ಕೆಲಸಕ್ಕೆ ಕೈಹಾಕಿದರು: ಶತ್ರುಗಳ ಸೆರೆಯಲ್ಲಿ ವರ್ಷಗಟ್ಟಲೆ ಕಳೆದು ಮರಳಿದ ಸೈನಿಕರನ್ನು ಊರಿನ ಬದುಕಿಗೆ ಮತ್ತೆ ಹೊಂದಿಸುವ ಶಿಬಿರಗಳು. ಅಲ್ಲಿಗೆ ಬರುವುದೂ ಬಿಡುವುದೂ ಸೈನಿಕನ ಇಚ್ಛೆ. ದಿನವನ್ನು ಹೇಗೆ ಕಳೆಯಬೇಕೆಂಬುದನ್ನೂ ಬಹುಮಟ್ಟಿಗೆ ಅವನೇ ಗೊತ್ತು ಮಾಡಿಕೊಳ್ಳಬಹುದಿತ್ತು. ಅಪ್ಪಣೆಯ ಮೇಲೆ ಬದುಕಿದವರನ್ನು ಇನ್ನೊಂದು ಅಪ್ಪಣೆಯಿಂದ ಸರಿಪಡಿಸಲಾಗದು ಎಂಬುದನ್ನು ಟ್ರಿಸ್ಟ್ ಅಲ್ಲಿ ಕಂಡುಕೊಂಡಿದ್ದರು. ಕಾರ್ಖಾನೆಗಳ ಬಾಗಿಲಿಗೆ ಅವರು ಬಂದದ್ದು ಅದಾದ ಮೇಲೆ.

ಹೇಗ್‌ಮೂರ್ ಪದರ

ಯುದ್ಧಕಾಲದ ಈ ಒಡನಾಡಿಗಳು ಸೇರಿ 1946ರಲ್ಲಿ ಲಂಡನ್ನಿನಲ್ಲಿ ಟ್ಯಾವಿಸ್ಟಾಕ್ ಮಾನವ ಸಂಬಂಧಗಳ ಸಂಸ್ಥೆಯನ್ನು ಕಟ್ಟಿದರು. ಮರುವರ್ಷದ ಮೊದಲ ದಿನವೇ, ಅಂದರೆ 1947ರ ಜನವರಿ 1ರಂದು, ಬ್ರಿಟನ್ನಿನ ಕಲ್ಲಿದ್ದಲ ಗಣಿಗಳು ರಾಷ್ಟ್ರೀಕರಣಗೊಂಡವು. ಗಣಿಗಳು ಇನ್ನು ಮುಂದೆ ಜನರವು ಎಂಬ ಫಲಕಗಳು ಬಾಗಿಲುಗಳಲ್ಲಿ ಬಿದ್ದವು. ಧಣಿಗಳು ಹೋದರು, ಹೊಸ ಯಂತ್ರಗಳೂ ಬಂದಿವೆ, ಇನ್ನು ಕಲ್ಲಿದ್ದಲು ಹೆಚ್ಚುತ್ತದೆ ಎಂದು ಸರ್ಕಾರ ನಂಬಿತ್ತು. ಯಂತ್ರಗಳು ಬಂದಷ್ಟು ಕಲ್ಲಿದ್ದಲು ಹೆಚ್ಚಲಿಲ್ಲ. ಜನ ಕೆಲಸಕ್ಕೆ ತಪ್ಪಿಸಿಕೊಳ್ಳುವುದು, ಗಣಿಯನ್ನೇ ಬಿಟ್ಟು ಹೋಗುವುದು ನಡೆದೇ ಇತ್ತು. ಟ್ಯಾವಿಸ್ಟಾಕ್‌ನಲ್ಲಿ ಆಗ ತರಬೇತಿಗೆ ಬಂದಿದ್ದವರಲ್ಲಿ ಕೆನ್ ಬಾಮ್‌ಫರ್ತ್ ಎಂಬವರು 18 ವರ್ಷ ಗಣಿಯಲ್ಲಿ ದುಡಿದವರು. ತಾವು ಬಿಟ್ಟು ಬಂದ ಉದ್ಯಮಕ್ಕೆ ಒಮ್ಮೆ ಹಿಂದಿರುಗಿ ಹೊಸ ಕಣ್ಣಿನಿಂದ ನೋಡಿ ಬನ್ನಿ ಎಂದು ಸಂಸ್ಥೆ ಅವರಿಗೆ ಹೇಳಿ ಕಳಿಸಿತ್ತು. ಅವರು ದಕ್ಷಿಣ ಯಾರ್ಕ್‌ಶೈರ್‌ನ ಎಲ್ಸೆಕಾರ್ ಗಣಿಗೆ ಹೋದರು. ಅಲ್ಲಿನ ಹೇಗ್‌ಮೂರ್ ಎಂಬ ಕಲ್ಲಿದ್ದಲ ಪದರದಲ್ಲಿ ಕಂಡದ್ದನ್ನು ಓಡಿ ಬಂದು ಟ್ರಿಸ್ಟ್ ಅವರಿಗೆ ಹೇಳಿದರು. ಟ್ರಿಸ್ಟ್ ತಾವೇ ಗಣಿಗಿಳಿದರು.

ಅವರು ಕಂಡದ್ದನ್ನು ತಿಳಿಯಬೇಕಾದರೆ ಅದಕ್ಕೂ ಮುಂಚಿನ ಎರಡು ಪದ್ಧತಿಗಳನ್ನು ನೋಡಬೇಕು. ಯಂತ್ರ ಬರುವ ಮೊದಲು ಕಲ್ಲಿದ್ದಲನ್ನು ಕೈಯಿಂದ ತೆಗೆಯುತ್ತಿದ್ದಾಗ, ಇಬ್ಬರು ಜೊತೆಗಾರರು ಒಂದು ಮುಖವನ್ನು, ಅಂದರೆ ಕಲ್ಲಿದ್ದಲು ಕಡಿಯುವ ಗೋಡೆಯನ್ನು, ಹಿಡಿಯುತ್ತಿದ್ದರು. ಜೊತೆಗಾರನನ್ನು ಅವರೇ ಆರಿಸಿಕೊಳ್ಳುತ್ತಿದ್ದರು. ಈಶಾನ್ಯ ಇಂಗ್ಲೆಂಡಿನ ಡರಮ್ ಗಣಿಗಳ ಕಡೆ ಆ ಜೊತೆಗಾರನಿಗೆ ಮ್ಯಾರೋ ಎಂಬ ಹೆಸರೇ ಇದೆ. ಗಣಿಯವರೊಡನೆ ಒಪ್ಪಂದ ಮಾಡಿಕೊಳ್ಳುವುದು ಆ ಜೋಡಿಯೇ. ಕೊರೆಯುವುದು, ಕಡಿಯುವುದು, ತುಂಬುವುದು, ಮೇಲ್ಛಾವಣಿಗೆ ಮರದ ಆಸರೆ ಕೊಡುವುದು ಎಲ್ಲವೂ ಅವರದೇ. ಎಷ್ಟು ವೇಗವಾಗಿ ಹೋಗಬೇಕು, ಛಾವಣಿ ಸದ್ದು ಮಾಡಿದಾಗ ಎಲ್ಲಿ ನಿಲ್ಲಿಸಬೇಕು ಎಂಬ ತೀರ್ಮಾನವೂ ಅವರದೇ. ಆ ಜೋಡಿಯಲ್ಲಿ ಒಬ್ಬ ಪೆಟ್ಟಾಗಿ ಮಲಗಿದರೆ ಅಥವಾ ಸತ್ತರೆ, ಅವನ ಮನೆಯವರ ಹೊಣೆಯನ್ನು ಇನ್ನೊಬ್ಬ ಹೊರುವುದು ಅಪರೂಪವಾಗಿರಲಿಲ್ಲ ಎಂದು ಟ್ರಿಸ್ಟ್ ಮತ್ತು ಬಾಮ್‌ಫರ್ತ್ ಬರೆದಿದ್ದಾರೆ. ಈ ಒಂದು ಮಾತಿನ ಮುಂದೆ ನಾನು ಎಷ್ಟೋ ಸಲ ನಿಂತಿದ್ದೇನೆ. ಒಂದು ಕೆಲಸದ ಪದ್ಧತಿಯೊಳಗೆ ಇಷ್ಟೆಲ್ಲ ತುಂಬಿಕೊಂಡಿದ್ದರೂ ನನ್ನ ಹಾಳೆಯಂಥ ಹಾಳೆಯಲ್ಲಿ ಅದಕ್ಕೆ ಒಂದು ಅಂಕಣವೂ ಇರುವುದಿಲ್ಲ.

ಯಂತ್ರದ ಜೊತೆ ಬಂದದ್ದು ಲಾಂಗ್‌ವಾಲ್ ಪದ್ಧತಿ. ಸುಮಾರು 200 ಗಜ ಉದ್ದದ ಒಂದೇ ಮುಖ, ದಿನಕ್ಕೆ ಮೂರು ಪಾಳಿ. ಒಂದು ಪಾಳಿ ಕಲ್ಲಿದ್ದಲನ್ನು ಅಡಿಯಿಂದ ಕೊರೆದು ಸಡಿಲಿಸಬೇಕು, ಇನ್ನೊಂದು ಕಲ್ಲಿದ್ದಲು ಸಾಗಿಸುವ ಕನ್ವೇಯರ್ ಪಟ್ಟಿಯನ್ನು ಮುಂದಕ್ಕೆ ಸರಿಸಿ ದಾರಿಗಳನ್ನು ಬೆಳೆಸಬೇಕು, ಮೂರನೆಯದು ತುಂಬಬೇಕು. ನಲವತ್ತಕ್ಕೂ ಹೆಚ್ಚು ಜನರ ಚಕ್ರ ಅದು. ಅವರಲ್ಲಿ ಒಬ್ಬೊಬ್ಬರಿಗೆ ಒಂದೇ ಕೆಲಸ, ಬೇರೆ ಬೇರೆ ಕೂಲಿ ಲೆಕ್ಕ. ತುಂಬುವವನನ್ನು ಒಂದು ಕ್ಷಣ ಕಣ್ಣ ಮುಂದೆ ತಂದುಕೊಳ್ಳಿ. ತಗ್ಗಿದ ಛಾವಣಿಯ ಕೆಳಗೆ, ತಲೆಯ ದೀಪದ ಬೆಳಕಿನಲ್ಲಿ, ತನ್ನ ಪಾಲಿನ ಹತ್ತು ಗಜದೆದುರು ಅವನು ಒಬ್ಬನೇ ಇದ್ದಾನೆ. ಹಿಂದಿನ ಪಾಳಿಯವನು ಕೊರೆದದ್ದು ಆಳ ಸಾಲದಿದ್ದರೆ, ಪಟ್ಟಿ ವಾಲಿದ್ದರೆ, ಛಾವಣಿ ಬಿರುಕು ಬಿಟ್ಟಿದ್ದರೆ ಅದರ ಫಲ ಉಣ್ಣುವವನು ಇವನು. ಕೊರೆದವನು ಆಗಲೇ ಮನೆಗೆ ಹೋಗಿ ಮಲಗಿರುತ್ತಾನೆ. ಅವರಿಬ್ಬರೂ ಭೇಟಿಯಾಗುವುದೇ ಇಲ್ಲ. ಇವನು ತನ್ನ ಹತ್ತು ಗಜ ಮುಗಿಸದಿದ್ದರೆ ಮುಂದಿನ ಪಾಳಿ ನಿಲ್ಲುತ್ತದೆ, ಆಗ ತಪ್ಪು ಇವನದಾಗುತ್ತದೆ. 200 ಗಜದ ಕತ್ತಲನ್ನು ಒಬ್ಬ ಮೇಲ್ವಿಚಾರಕ ಕಾಯಲಾರ. ಆದ್ದರಿಂದ ದೂರು, ಚೌಕಾಶಿ, ತನ್ನದನ್ನಷ್ಟೇ ನೋಡಿಕೊಳ್ಳುವುದು, ಮೈ ಸರಿಯಿಲ್ಲವೆಂದು ಉಳಿದುಬಿಡುವುದು. ಇದನ್ನು ಗಣಿಗಾರರ ಸೋಮಾರಿತನವೆಂದು ಕರೆದವರು ಬಹಳ ಮಂದಿ ಇದ್ದರು. ಟ್ರಿಸ್ಟ್ ಹಾಗೆ ಕರೆಯಲಿಲ್ಲ. ಬೆಳಕೂ ನೆಲವೂ ಸಮವಾಗಿರುವ ಕಾರ್ಖಾನೆಯ ಕ್ರಮವನ್ನು, ಯಾವ ಗಳಿಗೆಯಲ್ಲಿ ಏನಾಗುತ್ತದೋ ತಿಳಿಯದ ನೆಲದಡಿಗೆ ತಂದು ಹೇರಿದ್ದರ ಫಲ ಇದು ಎಂದರು.

ಹೇಗ್‌ಮೂರ್ ಪದರದಲ್ಲಿ ಛಾವಣಿಯ ಸ್ಥಿತಿಯಿಂದಾಗಿ ಅಷ್ಟುದ್ದದ ಮುಖವನ್ನು ತೆರೆಯುವಂತಿರಲಿಲ್ಲ. ಆದ್ದರಿಂದ ಅಲ್ಲಿನ ಗಣಿಗಾರರೂ ಮ್ಯಾನೇಜರರೂ ಮಾತಾಡಿಕೊಂಡು, ಹಳೆಯ ಜೋಡಿಗಳ ರೀತಿಯನ್ನು ಹೊಸ ಯಂತ್ರಗಳ ಜೊತೆಗೆ ಕೂಡಿಸಿದ್ದರು. ಸಣ್ಣ ಗುಂಪುಗಳು, ಗುಂಪಿನೊಳಗೆ ಎಲ್ಲರಿಗೂ ಹೆಚ್ಚುಕಡಿಮೆ ಎಲ್ಲ ಕೆಲಸವೂ ಗೊತ್ತು, ಯಾರು ಯಾವಾಗ ಏನು ಮಾಡಬೇಕೆಂದು ಗುಂಪೇ ಗೊತ್ತು ಮಾಡಿಕೊಳ್ಳುತ್ತದೆ, ಹಿಂದಿನ ಪಾಳಿ ಎಲ್ಲಿಗೆ ಬಿಟ್ಟಿತೋ ಮುಂದಿನ ಪಾಳಿ ಅಲ್ಲಿಂದ ಹಿಡಿಯುತ್ತದೆ. ಮೇಲ್ವಿಚಾರಣೆ ತೀರ ಕಡಿಮೆ. ಗೈರುಹಾಜರಿ ಕಡಿಮೆ, ಅಪಘಾತ ಕಡಿಮೆ, ಕಲ್ಲಿದ್ದಲು ಹೆಚ್ಚು. 1951ರಲ್ಲಿ ಟ್ರಿಸ್ಟ್ ಮತ್ತು ಬಾಮ್‌ಫರ್ತ್ ಪ್ರಕಟಿಸಿದ ಲೇಖನದಲ್ಲಿ ಇದರ ತಿರುಳನ್ನು ಜವಾಬ್ದಾರಿಯುತ ಸ್ವಾಯತ್ತತೆ ಎಂದು ಹೆಸರಿಸಿದರು. ಯಂತ್ರದ ವ್ಯವಸ್ಥೆ ಒಂದು, ಜನರ ವ್ಯವಸ್ಥೆ ಇನ್ನೊಂದು, ಇವೆರಡನ್ನೂ ಒಟ್ಟಿಗೇ ಕಟ್ಟಬೇಕು, ಒಂದನ್ನು ಪೂರ್ತಿ ಕಟ್ಟಿ ಮುಗಿಸಿ ಅದರೊಳಗೆ ಜನರನ್ನು ತುರುಕಬಾರದು ಎಂಬುದು ಅವರ ವಾದ. ಒಂದೇ ಯಂತ್ರಕ್ಕೆ ಒಂದಕ್ಕಿಂತ ಹೆಚ್ಚು ಬಗೆಯ ಕೆಲಸದ ಏರ್ಪಾಡು ಸಾಧ್ಯ, ಆದ್ದರಿಂದ ಅದು ಆಯ್ಕೆಯ ಪ್ರಶ್ನೆ ಎಂಬ ಮಾತು ಇಂದು ಸಾಮಾನ್ಯವಾಗಿ ಕೇಳಿಸಬಹುದು. ಯಂತ್ರವೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎಂದು ಎಂಜಿನಿಯರುಗಳೆಲ್ಲ ನಂಬಿದ್ದ ಕಾಲದಲ್ಲಿ ಅದನ್ನು ಹೇಳಿದವರು ಅವರು. ನಾನು ಕಲಿತ ಕಾಲೇಜಿನಲ್ಲಿಯೂ ಅದೇ ನಂಬಿಕೆ ಇತ್ತು.

ಎಲ್ಸೆಕಾರ್‌ನಲ್ಲಿಯೇ ಇನ್ನಷ್ಟು ಕಾಲ ಅಧ್ಯಯನ ನಡೆಸಲು ಕಲ್ಲಿದ್ದಲು ಮಂಡಳಿಯ ಆ ವಿಭಾಗ ಒಪ್ಪಲಿಲ್ಲ. ಅದರತ್ತ ಹೆಚ್ಚು ಜನರ ಗಮನ ಹರಿಯುವುದು ಅವರಿಗೆ ಬೇಕಿರಲಿಲ್ಲ. ಟ್ರಿಸ್ಟ್ ಮತ್ತು ಅವರ ಸಂಗಡಿಗರು ಕೆಲವು ವರ್ಷ ಕಾದು, 1950ರ ದಶಕದ ನಡುವಿನಲ್ಲಿ ವಾಯವ್ಯ ಡರಮ್‌ನ ಗಣಿಗಳಲ್ಲಿ ತಮಗೆ ಬೇಕಾದದ್ದನ್ನು ಕಂಡುಕೊಂಡರು: ಒಂದೇ ಪದರ, ಒಂದೇ ಯಂತ್ರ, ಎರಡು ಏರ್ಪಾಡು. ಒಂದು ಮುಖದಲ್ಲಿ ಎಂದಿನ ಲಾಂಗ್‌ವಾಲ್, ಇನ್ನೊಂದರಲ್ಲಿ 41 ಜನರ ಒಂದೇ ತಂಡ. ಈ ತಂಡ ತನ್ನ ಪಾಳಿಗಳನ್ನು ತಾನೇ ಹಂಚಿಕೊಳ್ಳುತ್ತಿತ್ತು, ಕೂಲಿಯನ್ನು ಒಂದೇ ಚೀಟಿಯಲ್ಲಿ ಪಡೆದು ಸಮವಾಗಿ ಪಾಲು ಮಾಡಿಕೊಳ್ಳುತ್ತಿತ್ತು. ಮೊದಲನೆಯದರಲ್ಲಿ ಗೈರುಹಾಜರಿ ನೂರಕ್ಕೆ 20, ಎರಡನೆಯದರಲ್ಲಿ 8ರ ಹತ್ತಿರ. ಸಾಧ್ಯವಿದ್ದ ಉತ್ಪಾದನೆಯಲ್ಲಿ ಮೊದಲನೆಯದು ನೂರಕ್ಕೆ 78 ತಲುಪಿದರೆ ಎರಡನೆಯದು 95. ಈ ಅಂಕಿಗಳಿಗಿಂತ ನನಗೆ ದೊಡ್ಡದಾಗಿ ಕಾಣುವುದು ಆ ಒಂದೇ ಕೂಲಿ ಚೀಟಿ. ನನ್ನ ಲೈನಿನ ಹುಡುಗಿಗೆ ಐದು ಕೆಲಸ ಬರುತ್ತಿತ್ತು. ಊಟದ ವಿರಾಮದಲ್ಲಿ ಚಿಂದಿ ಬಟ್ಟೆಯ ಮೇಲೆ ಕಲಿತದ್ದು. ಆದರೆ ಅವಳನ್ನು ಮೆಷೀನಿಗೆ ಕೂರಿಸಿದರೆ ಗ್ರೇಡ್ ಬದಲಾಗುತ್ತದೆ, ಗ್ರೇಡ್ ಬದಲಾದರೆ ಸಂಬಳ ಏರಿಸಬೇಕು. ಆದ್ದರಿಂದ ಅವಳಿಗೆ ಏನು ಬರುತ್ತದೆ ಎಂಬುದು ಯಾರಿಗೂ ತಿಳಿಯದೇ ಇರುವುದೇ ಎಲ್ಲರಿಗೂ ಅನುಕೂಲವಾಗಿತ್ತು.

ಅಹಮದಾಬಾದಿನ ಮಗ್ಗಗಳು

ಈ ವಿಚಾರ ಭಾರತಕ್ಕೆ ಬಂದದ್ದು ನಾವು ಊಹಿಸುವುದಕ್ಕಿಂತ ಬಹಳ ಮುಂಚೆ. 1953ರಲ್ಲಿ ಟ್ಯಾವಿಸ್ಟಾಕ್‌ನ ಎ. ಕೆ. ರೈಸ್ ಅಹಮದಾಬಾದಿನ ಕ್ಯಾಲಿಕೋ ಮಿಲ್ಲಿಗೆ ಬಂದರು. ಅದು ಸಾರಾಭಾಯಿ ಮನೆತನದ ಮಿಲ್ಲು. 1918ರಲ್ಲಿ ಗಾಂಧೀಜಿ ಉಪವಾಸ ಕೂತ ಮಿಲ್ ಕಾರ್ಮಿಕರ ಮುಷ್ಕರದಲ್ಲಿ ಒಂದು ಕಡೆ ಅಂಬಾಲಾಲ್ ಸಾರಾಭಾಯಿ, ಇನ್ನೊಂದು ಕಡೆ ಕಾರ್ಮಿಕರ ಪರವಾಗಿ ಅವರ ಅಕ್ಕ ಅನಸೂಯಾಬೆನ್ ನಿಂತಿದ್ದ ಊರು. ರೈಸ್ ಬಂದಾಗ ಅಲ್ಲಿ ಹೊಸ ಸ್ವಯಂಚಾಲಿತ ಮಗ್ಗಗಳು ಬಂದಿದ್ದವು, ಆದರೆ ಬಟ್ಟೆ ಹೆಚ್ಚಿರಲಿಲ್ಲ. ಒಂದು ಶೆಡ್ಡಿನಲ್ಲಿ 224 ಮಗ್ಗ, 29 ಕೆಲಸಗಾರರು, 12 ಬಗೆಯ ಕೆಲಸ. ನೇಕಾರನೊಬ್ಬನಿಗೆ 24 ಅಥವಾ 32 ಮಗ್ಗ, ಮಗ್ಗಕ್ಕೆ ನೂಲಿನ ಸುರುಳಿ ತುಂಬುವವನಿಗೆ ಇನ್ನೊಂದು ಲೆಕ್ಕ, ಎಳೆ ತುಂಡಾದಾಗ ಸರಿಪಡಿಸುವವನಿಗೆ ಮತ್ತೊಂದು. ಹೀಗಾಗಿ ಯಾವ ಮಗ್ಗಕ್ಕೆ ಯಾರು ಎಂಬ ಗುಂಪು ಎಲ್ಲಿಯೂ ಕೂಡಿ ಬರುವಂತಿರಲಿಲ್ಲ. ಕೆಲಸವನ್ನು ಬಿಡಿ ಬಿಡಿಯಾಗಿ ಅಳೆದು ಹಂಚಿದಾಗ ಹೀಗಾಗುತ್ತದೆ. ನಾನೂ ಇಂಥ ಹಂಚಿಕೆಗಳನ್ನು ಮಾಡಿದ್ದೇನೆ. ಹಾಳೆಯ ಮೇಲೆ ಅವು ಬಹಳ ಅಚ್ಚುಕಟ್ಟಾಗಿ ಕಾಣುತ್ತವೆ.

ಇಷ್ಟು ಮಗ್ಗಗಳಿಗೆ ಇಷ್ಟು ಜನರ ಒಂದು ಗುಂಪು, ಆ ಮಗ್ಗಗಳ ಎಲ್ಲ ಕೆಲಸವೂ ಆ ಗುಂಪಿನದು ಎಂಬ ಯೋಚನೆಯನ್ನು ರೈಸ್ ಮುಂದಿಟ್ಟರು. ಅದರ ಚರ್ಚೆ ಮೇಲಿನವರಲ್ಲಿ ಮುಗಿದು ಕೆಳಗಿನವರಿಗೆ ತಲುಪುವಷ್ಟರಲ್ಲಿಯೇ ಕೆಲಸಗಾರರು ಆ ಯೋಚನೆಯನ್ನು ತಮ್ಮದಾಗಿಸಿಕೊಂಡು, ಯಾರ ಜೊತೆ ಯಾರು ಎಂದು ಗುಂಪುಗಳನ್ನು ತಾವೇ ಕಟ್ಟಿಕೊಂಡು ಬಂದರು. ನನ್ನ ಲೈನಿನ ಆ ಶನಿವಾರವನ್ನು ಕಾಣದೇ ಇದ್ದಿದ್ದರೆ ನಾನು ಈ ಭಾಗವನ್ನು ಓದಿ ಅತಿಶಯೋಕ್ತಿ ಎಂದುಕೊಂಡು ಮುಂದೆ ಹೋಗುತ್ತಿದ್ದೆನೇನೋ. ಆರಂಭದಲ್ಲಿ ಎಡರುತೊಡರು ಬಂದರೂ ಕ್ರಮೇಣ ಉತ್ಪಾದನೆ ಹೆಚ್ಚಿತು, ಹಾಳಾಗುವ ಬಟ್ಟೆ ಕಡಿಮೆಯಾಯಿತು. 1970ರಲ್ಲಿ ರೈಸ್ ಅವರ ಸಹೋದ್ಯೋಗಿ ಎರಿಕ್ ಮಿಲ್ಲರ್ ಮತ್ತೆ ಬಂದು ನೋಡಿದಾಗ, ಒಂದು ಕಡೆ ಆ ಗುಂಪಿನ ಪದ್ಧತಿ ಹದಿನೇಳು ವರ್ಷಗಳ ನಂತರವೂ ನಡೆದಿತ್ತು. ಇತರ ಕಡೆಗಳಲ್ಲಿ ಕೆಲಸ ಮತ್ತೆ ಹಳೆಯ ಹಂಚಿಕೆಗೆ ಜಾರಿತ್ತು.

ಉಳಿಯದಿರುವುದು

ಇಲ್ಲಿಗೆ ಬಂದಾಗ ನನ್ನನ್ನು ಕಾಡುವ ಪ್ರಶ್ನೆ ಎದುರಾಗುತ್ತದೆ. ಒಂದು ಪದ್ಧತಿಯಿಂದ ಬಟ್ಟೆಯೂ ಹೆಚ್ಚು, ಕಲ್ಲಿದ್ದಲೂ ಹೆಚ್ಚು, ಪೆಟ್ಟು ತಿನ್ನುವವರೂ ಕಡಿಮೆ ಎಂದು ಗೊತ್ತಾದ ಮೇಲೆಯೂ ಅದು ಯಾಕೆ ಉಳಿಯುವುದಿಲ್ಲ? ಟ್ರಿಸ್ಟ್ ಅವರ ಮುಂದಿನ ಬದುಕು ಬಹುಮಟ್ಟಿಗೆ ಈ ಪ್ರಶ್ನೆಯ ಸುತ್ತಲೇ ನಡೆಯಿತು. ಅವರ ಒಡನಾಡಿ, ಆಸ್ಟ್ರೇಲಿಯಾದ ಫ್ರೆಡ್ ಎಮರಿ, ನಾರ್ವೆಯ ಐನಾರ್ ಥೋರ್ಸ್‌ರುಡ್ ಜೊತೆ ಸೇರಿ 1960ರ ದಶಕದಲ್ಲಿ ಅಲ್ಲಿನ ತಂತಿ ಕಾರ್ಖಾನೆ, ಕಾಗದದ ಗಿರಣಿಗಳಲ್ಲಿ ಕಾರ್ಮಿಕ ಸಂಘ ಮತ್ತು ಮಾಲೀಕರ ಒಕ್ಕೂಟ ಎರಡನ್ನೂ ಕೂರಿಸಿಕೊಂಡು ಪ್ರಯೋಗ ನಡೆಸಿದರು. ಟ್ರಿಸ್ಟ್ 1966ರಲ್ಲಿ ಅಮೆರಿಕಕ್ಕೆ ಹೋದರು, ಅಲ್ಲಿ ಲಾಸ್ ಏಂಜಲೀಸ್‌ನಲ್ಲಿ, ಆಮೇಲೆ ಫಿಲಡೆಲ್ಫಿಯಾದ ವಾರ್ಟನ್ ಬಿಸಿನೆಸ್ ಸ್ಕೂಲಿನಲ್ಲಿ ಪಾಠ ಹೇಳಿದರು. 1970ರ ದಶಕದಲ್ಲಿ ಪೆನ್ಸಿಲ್ವೇನಿಯಾದ ರಶ್ಟನ್ ಎಂಬ ಕಲ್ಲಿದ್ದಲ ಗಣಿಯಲ್ಲಿ ಅವರು ಮತ್ತೆ ನೆಲದಡಿಗೆ ಮರಳಿದರು. ಅಲ್ಲಿ ಒಂದು ವಿಭಾಗದವರಿಗೆ ಸ್ವಾಯತ್ತ ತಂಡ ಕಟ್ಟಿಕೊಳ್ಳುವ ಅವಕಾಶ ಸಿಕ್ಕಿತು, ಆ ತಂಡದ ಎಲ್ಲರಿಗೂ ಮೇಲಿನ ದರ್ಜೆಯ ಒಂದೇ ಸಂಬಳ. ಸುರಕ್ಷತೆ ಸುಧಾರಿಸಿತು. ಆದರೆ ಅದನ್ನು ಇಡೀ ಗಣಿಗೆ ಹರಡಬೇಕೇ ಎಂದು 1975ರಲ್ಲಿ ಕಾರ್ಮಿಕ ಸಂಘ ಮತ ಹಾಕಿದಾಗ, ಬೆರಳೆಣಿಕೆಯ ಮತಗಳಿಂದ ಬೇಡ ಎಂದಾಯಿತು. ತಂಡದ ಹೊರಗೆ ಉಳಿದವರಿಗೆ ಒಳಗಿನವರ ಸಂಬಳದ ಮೇಲೆ ಅಸಮಾಧಾನವಿತ್ತು. ಹೊಸದಾಗಿ ಸೇರಿದವನೂ ಹಳಬನೂ ಒಂದೇ ಸಂಬಳ ಪಡೆಯುವುದು ಅನುಭವಕ್ಕೆ ತೋರಿದ ಅಗೌರವ ಎಂದು ಅವರಿಗೆ ಕಂಡಿತ್ತು. ಅವರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಒಂದು ಊರಿನ ನಡುವೆ ಒಂದೇ ಓಣಿಗೆ ನೀರು ಬಿಟ್ಟು, ಉಳಿದವರು ಸಂತೋಷಪಡಬೇಕು ಎಂದರೆ ಆಗುತ್ತದೆಯೇ?

ಇದರ ಇನ್ನೊಂದು ಬದಿ ಮೇಲ್ವಿಚಾರಕರದು. ಎಮರಿ ಮತ್ತು ಟ್ರಿಸ್ಟ್ ಒಂದು ವ್ಯತ್ಯಾಸವನ್ನು ಮತ್ತೆ ಮತ್ತೆ ಹೇಳುತ್ತಾರೆ: ತೊಂದರೆ ಬಂದಾಗ ತಡೆದುಕೊಳ್ಳಲು ಸಂಸ್ಥೆ ಎರಡು ಬಗೆಯಲ್ಲಿ ಸಿದ್ಧವಾಗಬಹುದು. ಒಬ್ಬೊಬ್ಬರಿಗೆ ಒಂದೊಂದೇ ಕೆಲಸ ಕಲಿಸಿ, ಒಬ್ಬ ಹೋದರೆ ಇನ್ನೊಬ್ಬನನ್ನು ಬಿಡಿಭಾಗದಂತೆ ಕೂರಿಸಬಹುದು. ಅಥವಾ ಪ್ರತಿಯೊಬ್ಬರಿಗೂ ಹಲವು ಕೆಲಸ ಬರುವಂತೆ ಮಾಡಿ, ತೊಂದರೆಯನ್ನು ಅವರೇ ಸುಧಾರಿಸಿಕೊಳ್ಳಲು ಬಿಡಬಹುದು. ಮೊದಲನೆಯ ಬಗೆಯಲ್ಲಿ ಎಲ್ಲರನ್ನೂ ಜೋಡಿಸುವವನೊಬ್ಬ ಮೇಲೆ ನಿಂತಿರಲೇಬೇಕು. ಎರಡನೆಯದರಲ್ಲಿ ಅವನ ಕೆಲಸ ಬದಲಾಗಿ, ಅವನು ಹೊರಗಿನಿಂದ ಬರುವ ಬಟ್ಟೆ, ದಾರ, ಆರ್ಡರು, ಕೆಟ್ಟ ಮೆಷೀನು ಇವನ್ನು ನೋಡಿಕೊಳ್ಳುವವನಾಗಬೇಕು. ನನ್ನ ಲೈನಿನ ಸೂಪರ್‌ವೈಸರ್ ಕೆಟ್ಟವರಾಗಿರಲಿಲ್ಲ. ಹನ್ನೊಂದು ವರ್ಷ ಟೇಲರ್ ಆಗಿದ್ದು ಮೇಲೆ ಬಂದವರು. ಗಂಟೆಗೊಮ್ಮೆ ಬೋರ್ಡಿನ ಮುಂದೆ ಮೇಲಿನವರಿಂದ ಬೈಸಿಕೊಳ್ಳುವವರೂ ಅವರೇ. ಸೋಮವಾರ ಬಂದು ಶನಿವಾರದ ಅಂಕಿ ನೋಡಿದಾಗ ಅವರ ಮುಖ ಬಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ತಾವಿಲ್ಲದ ದಿನ 63 ಬಿದ್ದಿದೆ ಎಂದು ತಿಳಿದ ಮನುಷ್ಯ ಮನೆಗೆ ಹೋಗಿ ಏನೆಂದು ಹೇಳಿಯಾನು? ಅವರ ಮರ್ಯಾದೆಗೆ ಬೇರೆ ಜಾಗ ತೋರಿಸದೆ, ಜಾಗ ಬಿಡಿ ಎಂದು ಹೇಳಲು ಯಾರಿಗೂ ಹಕ್ಕಿಲ್ಲ.

ಗುಂಪಿನ ಹೆಸರಿನಲ್ಲಿಯೂ ಜನರನ್ನು ಹಿಂಡಬಹುದು ಎನ್ನುವುದನ್ನು ಇಲ್ಲಿ ಹೇಳಲೇಬೇಕು. ಇತ್ತೀಚೆಗೆ ಟೀಮ್ ಎಂಬ ಮಾತು ಎಲ್ಲ ಕಡೆ ಇದೆ, ಟಾರ್ಗೆಟ್ ಕೂಡ ಟೀಮಿನ ಮೇಲೆಯೇ ಬೀಳುತ್ತದೆ. ಆದರೆ ಯಾರ ಜೊತೆ ಕೂರಬೇಕು ಎಂದು ಅವರನ್ನು ಯಾರೂ ಕೇಳುವುದಿಲ್ಲ, ವೇಗ ಗೊತ್ತು ಮಾಡುವವರು ಅವರಲ್ಲ, ಹೆಚ್ಚಾದ ಪೀಸಿನ ಹಣದಲ್ಲಿ ಅವರಿಗೆ ಪಾಲಿಲ್ಲ. ಹಾಗಿದ್ದಾಗ ನಿಧಾನದ ಕೈಯವಳ ಮೇಲೆ ಪಕ್ಕದವಳೇ ರೇಗುತ್ತಾಳೆ, ಸೂಪರ್‌ವೈಸರ್ ರೇಗುವ ಅಗತ್ಯವೂ ಉಳಿಯುವುದಿಲ್ಲ. ಡರಮ್‌ನ ಆ ತಂಡವನ್ನು ಇಂಥ ಟೀಮುಗಳಿಂದ ಬೇರೆ ಮಾಡುವುದು ಅದರ ಕೂಲಿ ಚೀಟಿ, ಜೊತೆಗಾರರನ್ನು ಆರಿಸಿಕೊಳ್ಳುವ ಅದರ ಹಕ್ಕು, ಛಾವಣಿ ಸದ್ದು ಮಾಡಿದಾಗ ಕೆಲಸ ನಿಲ್ಲಿಸುವ ಅದರ ಅಧಿಕಾರ. ಇವನ್ನು ತೆಗೆದುಹಾಕಿ ಟ್ರಿಸ್ಟ್ ಅವರ ಹೆಸರನ್ನು ಬಳಸುವ ತರಬೇತಿಗಳಲ್ಲಿ ನಾನೂ ಕೂತಿದ್ದೇನೆ, ಪ್ರತಿ ಸಲವೂ ಎದೆ ಭಾರವಾಗಿ ಎದ್ದು ಬಂದಿದ್ದೇನೆ.

ಟ್ರಿಸ್ಟ್ 1993ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಅವರು ಟ್ಯಾವಿಸ್ಟಾಕ್‌ನ ಅಷ್ಟೂ ವರ್ಷಗಳ ಕೆಲಸವನ್ನು ದೊಡ್ಡ ಸಂಪುಟಗಳಲ್ಲಿ ಒಟ್ಟುಗೂಡಿಸುವ ಕೆಲಸದಲ್ಲಿ ತೊಡಗಿದ್ದರು. ಸೋತ ಪ್ರಯೋಗಗಳನ್ನೂ ಅವರು ಬಿಟ್ಟುಬಿಡಲಿಲ್ಲ. ರಶ್ಟನ್‌ನಲ್ಲಿ ಏನು ತಪ್ಪಿತು ಎಂದು ಸಂಗಡಿಗರೊಡನೆ ಅವರೇ ಕುಳಿತು ಬರೆದರು.

ನಾನು ಬರೆದ ಒಂದು ಹಾಳೆಯ ವಿಷಯ ಹೇಳುವುದು ಉಳಿದಿದೆ. ಆ ತಿಂಗಳ ಕೊನೆಗೆ ಲೈನಿನ ಸರಾಸರಿ ತೆಗೆಯಬೇಕಿತ್ತು. ಶನಿವಾರದ ಅಂಕಿಗಳು ಉಳಿದ ದಿನಗಳ ಜೊತೆ ಕೂಡುತ್ತಿರಲಿಲ್ಲ. ಯಾರು ಯಾವ ಕೆಲಸ ಮಾಡಿದರು ಎಂಬ ದಾಖಲೆ ಇಲ್ಲದೆ ಆ ಅಂಕಿಗಳಿಂದ ಒಬ್ಬೊಬ್ಬರ ವೇಗ ಕಂಡುಹಿಡಿಯುವಂತೆಯೂ ಇರಲಿಲ್ಲ. ಅಂಥ ದಿನವನ್ನು ಬಿಟ್ಟುಬಿಡಬೇಕು ಎಂದು ನಮಗೆ ಕಲಿಸಿದ್ದರು. ನಾನು ಕೆಂಪು ಪೆನ್ನಿನಲ್ಲಿ ಆ ಸಾಲಿನ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ, ಅಸಹಜ ದಿನ, ಸೂಪರ್‌ವೈಸರ್ ಗೈರು, ಲೆಕ್ಕಕ್ಕಿಲ್ಲ ಎಂದು ಬರೆದು ಸಹಿ ಮಾಡಿದೆ. ಮುಂದಿನ ತಿಂಗಳ ಟಾರ್ಗೆಟ್ ಆ ಸರಾಸರಿಯ ಮೇಲೆಯೇ ಬಿತ್ತು.